ತೆರೆಯದ ಡಬ್ಬಿಯ ಫೋಟೊ

೧೯೭೪ನೇ ಇಸವಿ ಮಾರ್ಚ್ ೧೪, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಜತ್ತ ಠಾಣೆಗೆ ಬಂದ ಫಿರ್ಯಾದಿ ಕೇಳಿ ಫೌಜದಾರ ಬಸಗೊಂಡರಿಗೆ ತಲೆಬುಡ ತಿಳಿಯಲಿಲ್ಲ. ಫಿರ್ಯಾದಿದಾರ ಉಟಗಿಯ ಶ್ರೀಶೈಲಪ್ಪ. ಪರದೇಶದ ಪ್ರಯೋಗಾಲಯವೊಂದರಲ್ಲಿ ಕೆಲಸ. ರಜೆಗೆ ಬಂದವನ ಟ್ರಂಕಿನಿಂದ ಒಂದು ಫಿಲ್ಮ್ ಕಳುವಾಗಿತ್ತು.

"ಯಾರ ಫೋಟೊ?"

"ಕುರುಬರ ದೇವರ ಡಬ್ಬೀದ್ರಿ. ತಾಮ್ರದ್ದು, ಬೆಸುಗಿ ಹಾಕೇತಿ, ತೆರಿಯೂ ಹಂಗಿಲ್ಲ. ಒಳಗ ಬೆಳ್ಳಿ ಕುದುರಿ ಐತಿ ಅಂತಾರ. ತೆರೀದನ ತೋರಸ್ತೀನಂತ ಹಿರೇರನ್ನ ಒಪ್ಪಿಸಿ ಹ್ವಾದ ವರ್ಷ ಒಯ್ದಿದ್ದೆ. ಡಬ್ಬಿ ತಿರುಗಿ ಕೊಟ್ಟೀನಿ. ಫಿಲ್ಮು ನಮ್ಮ ಆಫೀಸಿಂದು."

"ಎಕ್ಸ್‌ರೇ ಏನು?"

"ಅಲ್ರಿ. ಪ್ರೋಟಾನ್ ಅಂತ ಭಾಳ ಸಣ್ಣ ಕಣ. ಯಂತ್ರದಾಗ ಜೋರು ಓಡಿಸಿ ಡಬ್ಬಿ ಮ್ಯಾಲ ಬಿಡ್ತೀವಿ. ಪಾರಾಗಿ ಬಂದದ್ದು ಫಿಲ್ಮಿನ ಮ್ಯಾಲ ಮೂಡತೈತಿ."

"ಏನು ಮೂಡೇತಿ?"

"ಅದನ್ನ ಐತವಾರ ಹಿರೇರ ಮುಂದನ ಹೇಳತೀನ್ರಿ."

ಕಲಂ ೩೮೦ರಂತೆ ಎಫ್‌ಐಆರ್ ಆಯಿತು. ಮಾಲಿನ ವರ್ಣನೆ ಬರೆಯುವಲ್ಲಿ ಬಸಗೊಂಡರ ಲೇಖನಿ ನಿಂತಿತು. 'ಪ್ರೋಟಾನ್' ಎಂದು ಬರೆದರು, ಹೊಡೆದು ಹಾಕಿದರು. ಹಾಳಾಗಿ ಹೋಗಲೆಂದು 'ಕಪ್ಪು ಫಿಲ್ಮ್, ಒಂದು' ಎಂದು ಬರೆದು ಮುಗಿಸಿದರು.

ಹನ್ನೆರಡೂಕಾಲಕ್ಕೆ ಉಟಗಿಯಲ್ಲಿ ಪಂಚನಾಮೆ. ಪಂಚರು ಧೂಳಪ್ಪ, ಶಿದ್ರಾಯ. ಟ್ರಂಕಿನಲ್ಲಿ ಕೈಗಡಿಯಾರ, ಟ್ರಾನ್ಸಿಸ್ಟರ್ ಇದ್ದಲ್ಲೇ ಇದ್ದವು. ಫಿಲ್ಮ್ ಇದ್ದ ಜಾಗದಲ್ಲಿ ಒಂದು ಚಿಟಿಕೆ ಭಂಡಾರ, ದೇವರ ಅರಿಶಿನದ ಪುಡಿ, ಬಿದ್ದಿತ್ತು. ಎಂಥ ಕಳ್ಳನಪ್ಪಾ ಇವನು, ಕದ್ದು ಭಂಡಾರ ಇಟ್ಟು ಹೋಗುವವನು!

"ದೇವರ ಸಾಮಾನು ಎತ್ತಿದ ಜಾಗಾ ಬರಿದು ಬಿಡೂದಿಲ್ರಿ ಸಾಹೇಬ್ರ," ಎಂದ ಸನಮಡಿಯ ಕಾನ್‌ಸ್ಟೆಬಲ್ ಇಮಾಮ. "ಚಿಟಿಕಿ ಭಂಡಾರ ಇಡ್ತಾರ. ಪೂಜಾರಿ ಮನಿಯವ್ರ ಕೈ ರೂಢಿ ಇದು."

ಪೂಜಾರಿ ಅಮಸಿದ್ದ ತೀರಿಕೊಂಡು ಎರಡು ವರ್ಷ. ಈಗ ಡಬ್ಬಿ ಕಾಯುವವಳು ಅವನ ಹೆಂಡತಿ ಹಾಲವ್ವ ಒಬ್ಬಳೇ. ಎರಡು ಗಂಟೆಗೆ ಪಂಚರ ಜೊತೆ ಅವಳ ಮನೆ ಹೊಕ್ಕರು.

"ಫಿಲ್ಮ್ ಎಲ್ಲೈತಿ ಹೇಳವ್ವಾ."

ಮುದುಕಿ ಕಂಬಳಿ ಮಡಿಕೆಯಿಂದ ತೆಗೆದು ಕೊಟ್ಟಳು. "ಸುಡಬೇಕಂತ ತಂದೆ. ದೇವರ ಛಾಪ ನೋಡ್ರಿ, ಕೈ ಬರಲಿಲ್ಲ."

"ಯಾಕ ಕದ್ದಿ?"

"ಡಬ್ಬಿ ಬರಿದೈತ್ರಿ. ಇಪ್ಪತ್ತು ವರ್ಷದ ಹಿಂದ ಕುರಿ ಹೊಡಕೊಂಡು ಭೀಮಾ ಹೊಳಿ ದಾಟೂವಾಗ ಬೆಸುಗಿ ಬಿಟ್ಟು ಕುದುರಿ ನೀರಿಗೆ ಬಿತ್ತು. ನಮ್ಮವ್ರು ಬೆಸುಗಿ ಹಾಕಿಸಿ ಸುಮ್ಮನಾದ್ರು. ಫೋಟೊದಾಗ ಕಂಡ್ರ, ಕುದುರಿ ಮಾರಕೊಂಡು ತಿಂದ ಅಂತೈತಿ ಊರು. ಸತ್ತ ಮನಶಾಗ ಕಳ್ಳ ಅಂತೈತಿ."

ಹೇಳಿಕೆ ಬರೆದಾಯಿತು, ಪಂಚರ ಸಹಿ ಬಿತ್ತು. ಮಾಲು ಗುರುತಿಸಲು ಶ್ರೀಶೈಲಪ್ಪನನ್ನು ಕರೆಸಿದರು. ಅವನು ಫಿಲ್ಮನ್ನು ಬೆಳಕಿಗೆ ಹಿಡಿದ. ಬಸಗೊಂಡರೂ ಇಣುಕಿದರು. ಕಪ್ಪು ಅಂಚು, ನಡುವೆ ಬರೀ ಮಂಜು.

"ಕುದುರಿ ಐತೋ ಇಲ್ಲೋ, ಇದರಾಗ ಎಲ್ಲಿ ತಿಳೀತೈತಿ?"

"ತಿಳಿಯಂಗಿಲ್ರಿ. ತಾಮ್ರ ದಾಟೂವಾಗ ಪ್ರೋಟಾನ್ ಅಡ್ಡಾದಿಡ್ಡಿ ಚದರತಾವ. ಅಂಚಷ್ಟ ಮೂಡೇತಿ. ನನ್ನ ಕೈಲಾಗಲಿಲ್ಲಂತ ಐತವಾರ ಹೇಳಾವಿದ್ದೆ."

ಹಾಲವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಅಂದ್ರ, ನಾ ಬಾಯಿ ತೆಗೀದಿದ್ರ..."

ಬಸಗೊಂಡರು ಹೇಳಿಕೆಯ ಕಾಗದ ಕೈಗೆತ್ತಿಕೊಂಡರು. ಅಯ್ಯೋ, ಇದೆಂಥ ಕೆಲಸ ಮಾಡಿಬಿಟ್ಟೆ! ಬರೆದದ್ದನ್ನು ಹರಿಯುವಂತಿಲ್ಲ. ಹರಿದೂ ಫಲವಿರಲಿಲ್ಲ, ಕೇಳಿದ್ದನ್ನು ಊರಿಗೆ ಹೇಳಲು ಧೂಳಪ್ಪ ಆಗಲೇ ಹೊಸ್ತಿಲು ದಾಟಿ ಓಣಿಗೆ ಇಳಿದಿದ್ದ.

ಸಂಜೆ ನಾಲ್ಕೂ ಹತ್ತಕ್ಕೆ ದಸ್ತಗಿರಿ. ಅಪರಾಧದ ಕಾರಣ ಎಂಬಲ್ಲಿ ಫೌಜದಾರರು ಬಹಳ ಹೊತ್ತು ಯೋಚಿಸಿ, 'ಗಂಡನ ಮರ್ಯಾದೆ ಉಳಿಸಲು' ಎಂದು ಬರೆದರು.