ಬೇಕರಿಯ ಹಿಂಬಾಗಿಲಲ್ಲಿ ಯುವರಾಜ

"ನನ್ನ ನಾಯೀನ ಯಾಕ್ರೀ ಬಚ್ಚಿಟ್ಕೊಂಡಿದೀರಾ?"

ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ತರುಣ, ಅದೇ ಬೀದಿಯ ಟೈಲರ್ ಹುಡುಗಿಯ ದನಿಗೆ ಬೆಚ್ಚಿ ತಲೆಯೆತ್ತಿದ. ಮೊಣಕೈವರೆಗೂ ಹಿಟ್ಟು. ಹುಬ್ಬಿನ ಮೇಲೂ ಹಿಟ್ಟು! ಅವನ ಮಡಿಲಲ್ಲಿ ತಲೆಯಿಟ್ಟು, ಲೋಕದ ಚಿಂತೆಯೇ ಇಲ್ಲದೆ ಮಲಗಿತ್ತು ಅವಳ ಬೂದು ಬಣ್ಣದ ಯುವರಾಜ.

"ಬಚ್ಚಿಟ್ಟಿಲ್ಲ... ಅದೇ ಬಂತು."

"ಸುಮ್ಮನೆ ಬರುತ್ತಾ? ಬನ್ನು ತೋರಿಸಿ ಕರೆದಿರ್ತೀರಾ!"

"ಬನ್ನು ತೋರಿಸಿದ್ರೆ ಇಡೀ ಬೀದೀನೇ ಬರುತ್ತೆ ಟೈಲರಮ್ಮಾ. ತೋರಿಸದೇನೇ ನೀವೂ ಬಂದಿದೀರಲ್ಲ!"

ಮಾತಿನಲ್ಲಿ ನಗುವಿತ್ತು, ಕಣ್ಣಲ್ಲಿರಲಿಲ್ಲ. ಅಲ್ಲಿ ಏನೋ ತುಂಬಿದ ಕೊಡದಂತೆ ತುಳುಕುತ್ತಿತ್ತು. 'ಇವನೇಕೆ ಹೀಗೆ ನೋಡುತ್ತಾನೆ?' ಅವಳ ಎದೆ ಒಂದು ಹೊಲಿಗೆ ತಪ್ಪಿತು. ಅದನ್ನು ಮುಚ್ಚಿಕೊಳ್ಳಲು ದನಿ ಇನ್ನಷ್ಟು ಏರಿಸಿದಳು.

"ನೋಡ್ರೀ, ಇದನ್ನ ನನಗೆ ಕೊಟ್ಟ ನಾಯಿಗಳ ಆಶ್ರಯದ ಅಕ್ಕ ಒಂದು ತಿಂಗಳು ಗಡುವು ಕೊಟ್ಟಿದಾರೆ. ಅಷ್ಟರೊಳಗೆ ಇದು ನನ್ನ ಮನೆಗೆ ಹೊಂದ್ಕೋಬೇಕು. ಹೀಗೇ ತಪ್ಪಿಸ್ಕೊಂಡು ಓಡ್ತಿದ್ರೆ ವಾಪಸ್ ಕರ್ಕೊಂಡು ಹೋಗ್ತಾರೆ!"

ಅವನ ಮುಖ ಬಿಳುಚಿಕೊಂಡಿತು.

"ವಾಪಸ್ಸಾ... ಆ ಕಂಬಿ ಗೂಡಿಗಾ?"

ಅವಳು ನಾಯಿಯನ್ನು ಎಳೆದುಕೊಂಡು ನಡೆದಳು. ನಾಯಿ ಬೀದಿಯ ತಿರುವಿನವರೆಗೂ ಹಿಂದಿರುಗಿ ನೋಡುತ್ತಲೇ ಇತ್ತು. ನಿಜ ಹೇಳಬೇಕೆಂದರೆ, ಒಂದು ಸಲ ಅವಳೂ ನೋಡಿದಳು!

ಮರುದಿನ ಬೆಳಗ್ಗೆ ಯುವರಾಜ ಮತ್ತೆ ಪರಾರಿ. ಅವಳು ಏದುಸಿರು ಬಿಡುತ್ತಾ ಬೇಕರಿಯ ಹಿಂದಿನ ಓಣಿಗೆ ಬಂದಾಗ ಕಂಡದ್ದೇನು?

"ಹೋಗೋ! ಇಲ್ಲಿ ನಿನ್ನೋರು ಅಂತ ಯಾರೂ ಇಲ್ಲ!"

ಧಡಾರನೆ ಬಾಗಿಲು ಮುಚ್ಚಿತು. ನಾಯಿ ಬಾಗಿಲು ಕೆರೆಯಿತು, ಕುಂಯ್‌ಗುಟ್ಟಿತು. ತೆರೆಯಲಿಲ್ಲ.

'ನಿನ್ನೆ ಮಡಿಲು, ಇವತ್ತು ಬಾಗಿಲು... ಎಂಥ ಕಲ್ಲೆದೆಯವನು!' ಅವಳು ನಾಯಿಯನ್ನು ಎತ್ತಿಕೊಂಡು ಸಿಟ್ಟಿನಿಂದ ಮನೆಗೆ ನಡೆದಳು.

ದಿನವೂ ಇದೇ ಕಥೆ. ಯುವರಾಜ ಊಟ ಬಿಟ್ಟ. ಹೊಲಿಗೆ ಯಂತ್ರದ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಮೇಲೆ ಮುದುಡಿ ಮಲಗಿದ. ಬೇಡವಾದ ಜೀವವನ್ನು ಬೇಕೆಂದು ತಂದವಳು ಅವಳು. ಈಗ ಅದಕ್ಕೇ ಅವಳು ಬೇಡವಾದಳೇ?

ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಅವಳ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

"ಅಳ್ತಾ ಕೂತ್ರೆ ದಾರ ಸೂಜಿಗೆ ಏರುತ್ತೇನೇ? ಹೋಗಿ ಆ ಬೇಕರಿ ಹುಡುಗನನ್ನೇ ಕೇಳು. ಮುಚ್ಚಿದ ಬಾಗಿಲನ್ನ ನಾಯಿ ಕೆರೀಬಹುದು, ಮನುಷ್ಯರಾದೋರು ತಟ್ಟಬೇಕು."

ಈ ಸಲ ಅವಳು ಬೇಕರಿಯ ಮುಂಬಾಗಿಲಿಗೇ ಹೋದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಅವನ ತಂದೆ. ಅವಳು ಬಾಯಿ ತೆರೆಯುವ ಮೊದಲೇ...

"ಆಕ್ಷೀ! ದೂರ... ದೂರ ನಿಲ್ಲಮ್ಮಾ!"

"ಅಯ್ಯೋ, ನಾನೇನು ಮಾಡಿದೆ ಯಜಮಾನ್ರೇ?"

ಅವರು ಮೂಗಿಗೆ ವಸ್ತ್ರ ಒತ್ತಿಕೊಂಡು ಅವಳ ತೋಳಿನತ್ತ ಬೆರಳು ತೋರಿಸಿದರು. ಅಲ್ಲಿ ಅಂಟಿಕೊಂಡಿತ್ತು ಒಂದೆರಡು ಬೂದು ಕೂದಲು.

"ಇದು ನಮ್ಮ ನಾಯಿ ಬೂದನ ಕೂದಲು! ನನ್ನ ಉಬ್ಬಸಕ್ಕೆ ಶತ್ರು, ನನ್ನ ಮಗನಿಗೆ ಪ್ರಾಣ. ಚರಂಡಿಯಿಂದ ಎತ್ತಿ ತಂದು ಮಗು ಥರ ಸಾಕಿದ್ದ. ನನಗೆ ಉಸಿರೇ ಸಿಗ್ತಿರಲಿಲ್ಲ, ಡಾಕ್ಟ್ರು ನಾಯಿ ಬೇಡವೇ ಬೇಡ ಅಂದ್ರು. ಆಶ್ರಯಕ್ಕೆ ಬಿಟ್ಟು ಬಂದ ದಿನ ಇವನು ಸುಟ್ಟ ಬ್ರೆಡ್ಡನ್ನ ಊರೆಲ್ಲಾ ತಿಂದಿದೆ ನೋಡು!"

ಅವಳ ಸಿಟ್ಟೆಲ್ಲ ಬೆಣ್ಣೆಯಂತೆ ಕರಗಿತು. ಸೀದಾ ಒಳಗೆ, ಒಲೆಯ ಕೋಣೆಗೆ ನಡೆದಳು.

ಹಿಂಬಾಗಿಲ ಅಗುಳಿ ಹಾಕಿತ್ತು. ಅದಕ್ಕೆ ಬೆನ್ನು ಕೊಟ್ಟು ಅವನು ನೆಲದ ಮೇಲೆ ಕೂತಿದ್ದ. ಆಚೆಯಿಂದ ಕೆರೆಯುವ ಸದ್ದು... ಅಜ್ಜಿಯ ಕಣ್ಣು ತಪ್ಪಿಸಿ, ಯುವರಾಜ ಅವಳಿಗಿಂತ ಮೊದಲೇ ಬಂದು ನಿಂತಿದ್ದ!

"ಅಳ್ತಿದೀರಾ?"

"ಇಲ್ಲ... ಕಣ್ಣಿಗೆ ಹಿಟ್ಟು ಬಿತ್ತು."

"ಎರಡೂ ಕಣ್ಣಿಗಾ?"

ಅವನು ತಲೆ ತಗ್ಗಿಸಿದ. "ಬಾಗಿಲು ತೆರೆದ್ರೆ ಅವನು ಇಲ್ಲಿಗೇ ಓಡಿ ಬರ್ತಾನೆ. ನಿಮ್ಮನೆಗೆ ಹೊಂದ್ಕೊಳ್ಳಲ್ಲ. ಮತ್ತೆ ಗೂಡೇ ಗತಿ. ನನ್ನ ಮೇಲೆ ಬೇಜಾರಾದ್ರೂ ಪರವಾಗಿಲ್ಲ, ಅವನಿಗೆ ಒಂದು ಮನೆ ಇರ್ಲಿ ಅಂತ..."

"ಹೇಳಬಾರ್ದಿತ್ತಾ?"

"ಹೇಳಿದ್ರೆ ನೀವು 'ನಿಮ್ಮ ನಾಯಿ, ನೀವೇ ಇಟ್ಕೊಳ್ಳಿ' ಅಂದುಬಿಡ್ತಿದ್ರಿ. ಅಪ್ಪನ್ನ ಬಿಡೋಕಾಗುತ್ತಾ?"

'ಈ ಮನುಷ್ಯನನ್ನೇ ನಾನು ಕಲ್ಲೆದೆಯವನು ಎಂದೆನೇ?' ಅವಳು ಬಗ್ಗಿ ತಾನೇ ಅಗುಳಿ ಸರಿಸಿದಳು.

ಯುವರಾಜ ಒಳನುಗ್ಗಿದ! ಅವನ ಮುಖ ನೆಕ್ಕಿದ, ಅವಳ ಕೈ ನೆಕ್ಕಿದ, ಹಿಟ್ಟಿನ ಮೂಟೆಯನ್ನೂ ಉರುಳಿಸಿದ.

"ಅವನು ಇಲ್ಲಿಗೆ ಓಡಿ ಬರೋದು ಬೇಡ," ಎಂದಳು ಅವಳು ನಗುತ್ತಾ. "ಒಲೆ ಆರಿದ ಮೇಲೆ ನೀವೇ ಅಲ್ಲಿಗೆ ಬನ್ನಿ."

ಅವನು ಬಂದ. ದಿನಾ ಸಂಜೆ ಬಂದ. ಮನೆಗೆ ಮರಳಿ ಬಟ್ಟೆ ಬದಲಿಸಿಯೇ ಅಪ್ಪನ ಬಳಿ ಹೋಗುತ್ತಿದ್ದ. ನಾಯಿಯೂ ಸೇರಿ ಮೂವರೂ ಬೀದಿಯುದ್ದಕ್ಕೂ ಅಡ್ಡಾಡಿದರು. ಸಂಜೆ ಬಂದೇ ಬರುತ್ತಾನೆಂದು ತಿಳಿದ ನಾಯಿ ಬೆಳಗಿನ ಓಟ ಬಿಟ್ಟಿತು. ತಿಂಗಳ ಕೊನೆಗೆ ಆಶ್ರಯದ ಅಕ್ಕ ಬಂದಾಗ ಯುವರಾಜ ಖಾಲಿ ತಟ್ಟೆ ನೆಕ್ಕಿ, ಹೊಲಿಗೆ ಯಂತ್ರದ ಕೆಳಗೆ ನಾಲ್ಕೂ ಕಾಲು ಮೇಲೆತ್ತಿ ಗೊರಕೆ ಹೊಡೆಯುತ್ತಿದ್ದ!

"ಇನ್ನು ಇವನು ನಿಮ್ಮೋನೇ," ಎಂದು ಹೇಳಿ ಅಕ್ಕ ಹೊರಟರು.

ಆ ಸಂಜೆ ಬೇಕರಿಯ ಹುಡುಗ ಜಗಲಿಯ ಬಳಿಯೇ ನಿಂತ.

"ಅಂತೂ ಹೊಂದ್ಕೊಂಡ. ನಾಳೆಯಿಂದ ನಾನು ಬರೋ ಅಗತ್ಯ ಇಲ್ಲ... ಅಲ್ವಾ?"

ಅವಳ ಕೈಯಲ್ಲಿದ್ದ ಬಟ್ಟೆ ಜಾರಿತು. "ಅವನಿಗೆ ಇಲ್ಲದೇ ಇರಬಹುದು..."

"ಮತ್ತೆ ಯಾರಿಗೆ?"

"ನೀವೇ ಹೇಳಿ."

"ಮೊದಲು ಅವನನ್ನ ನೋಡೋಕೇ ಬರ್ತಿದ್ದೆ. ಈಗೀಗ... ಅವನು ಬರೀ ನೆಪ."

"ಗೊತ್ತು."

"ಹೇಗೆ?"

"ನಾಯೀನ ನೋಡೋಕೆ ಬರೋರು ಹುಬ್ಬಿನ ಹಿಟ್ಟು ಒರೆಸ್ಕೊಂಡು ಬರಲ್ಲ!"

ಇಬ್ಬರೂ ನಕ್ಕರು. ಒಳಗಿನಿಂದ ಅಜ್ಜಿಯ ದನಿ ತೇಲಿ ಬಂತು.

"ಹುಡುಗನಿಗೂ ಒಂದು ತಿಂಗಳು ಗಡುವು ಕಣೇ! ಹೊಂದ್ಕೊಂಡ್ರೆ ಇಟ್ಕೊಳ್ಳೋಣ!"

ಅವಳ ಕೆನ್ನೆ ಕೆಂಪಾಯಿತು. ಮೆಲ್ಲಗೆ ಕೇಳಿದಳು, "ತಪ್ಪಿಸ್ಕೊಂಡು ಓಡಲ್ಲ ತಾನೇ?"

ಅವನು ಅವಳ ಕೈ ಹಿಡಿದ.

"ಬಾಗಿಲು ತೆರೆದೇ ಇಡಿ... ಹೋಗಲ್ಲ."