ಕಿಟಕಿಯಲ್ಲಿಟ್ಟ ಕಷಾಯ

ಸಂಜೆ ದೀಪ ಹಚ್ಚುವ ಹೊತ್ತು. ಕಿಟಕಿಯ ಸರಳುಗಳ ನಡುವೆ ಒಂದು ಕೈ ಒಳಗೆ ಬಂತು... ಹಬೆಯಾಡುವ ಲೋಟ ಇಟ್ಟು, ಸದ್ದಿಲ್ಲದೆ ಹಿಂದೆ ಸರಿಯಿತು.

ಸೌದಾಮಿನಿ ಇಂದೂ ಹೆದರಿ ಗೋಡೆಗೆ ಒತ್ತಿ ಕುಳಿತಳು.

ಮದುವೆಯಾಗಿ ಬಾಯಾರು ಎಂಬ ಊರಿನ ಈ ಮನೆಗೆ ಬಂದು ಎರಡು ತಿಂಗಳು. ಮುಟ್ಟಾದರೆ ಹೊರಗಿನ ಕೋಣೆ, ನಾಲ್ಕನೇ ದಿನ ಮಿಂದು ಒಳಗೆ. ಆದರೆ ಇಂದಿಗೆ ಒಂಬತ್ತು ದಿನ, ರಕ್ತ ನಿಂತೇ ಇಲ್ಲ. ಗಂಟೆಗೊಂದು ಪ್ಯಾಡ್ ಬೇಕು. ಎದ್ದರೆ ಕಣ್ಣು ಕತ್ತಲೆ.

ಗಂಡನ ಸೋದರತ್ತೆ ಭಾಮತ್ತೆ ಹೀಗೇ ರಕ್ತ ಹೋಗಿ ಇದೇ ಕೋಣೆಯಲ್ಲಿ ತೀರಿಕೊಂಡವರಂತೆ. "ಅವಳ ಕುಲೆ, ಪ್ರೇತ, ಇಲ್ಲೇ ಸುತ್ತುತ್ತಾ ಉಂಟು" ಎಂದಿದ್ದರು ಅತ್ತೆ. ಮೊದಲ ಸಂಜೆಗಳಲ್ಲಿ ಆ ಕೈಯ ಜೊತೆ ಬಳೆಯ ಸದ್ದೂ ಕೇಳಿಸಿತ್ತು. ಸತ್ತವರು ಕೊಟ್ಟದ್ದನ್ನು ಯಾರು ಕುಡಿಯುತ್ತಾರೆ? ದಿನವೂ ಮೋರಿಗೆ ಚೆಲ್ಲುತ್ತಿದ್ದಳು.

ಗಂಡ ವಿಷ್ಣುಪ್ರಸಾದ ಪೆರ್ಲದಲ್ಲಿ ಆಯುರ್ವೇದ ವೈದ್ಯ. ನೋಡಿ, ಊರಿಗೆಲ್ಲ ಮದ್ದು ಕೊಡುವವನು ಹೆಂಡತಿಯ ಬಳಿ ಒಂದು ಮಾತಾಡಿರಲಿಲ್ಲ.

'ನಾನು ಅಷ್ಟು ಅಸಹ್ಯವಾ ಇವರಿಗೆ...?' ಕುಲೆಗಿಂತ ಆ ಮೌನವೇ ಅವಳನ್ನು ಹೆಚ್ಚು ಹಿಂಡಿತ್ತು.

ಚೆಲ್ಲಲು ಎದ್ದವಳು ಅಲ್ಲೇ ಕುಸಿದಳು. ಲೋಟ ಠಣ್ಣೆಂದು ಉರುಳಿತು.

ಬಾಗಿಲು ತೆರೆದು ವಿಷ್ಣುಪ್ರಸಾದ ಒಳಗೆ ಬಂದ. "ಎಂತ ಆಯ್ತು ಸೌದಾಮಿನಿ?"

"ಮುಟ್ಟಬೇಡ ಮಗ, ಅವಳು ಮಿಂದಿಲ್ಲ" ಎಂದು ಅತ್ತೆ ಅಂಗಳದಿಂದ ಕೂಗಿದರು.

"ಮುಟ್ಟಿ ಆಯ್ತಮ್ಮ." ಅವನು ಅವಳನ್ನು ಎತ್ತಿಕೊಂಡ. ಮೋರಿಯ ಕಂದು ಕಲೆ ಕಂಡಿತು. "ರಕ್ತ ನಿಲ್ಲಲಿಕ್ಕೆ ಅಶೋಕದ ತೊಗಟೆಯ ಕಷಾಯ ಅದು. ನೀನು ಕುಡಿದೇ ಇಲ್ವಾ?"

"ಆ ಕೈ... ನಿಮ್ಮದಾ?"

ಕಾಸರಗೋಡಿನ ಆಸ್ಪತ್ರೆಯಲ್ಲಿ ಡಾಕ್ಟರ್ ಖೈರುನ್ನಿಸಾ ಸ್ಕ್ಯಾನ್ ನೋಡಿದರು.

"ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಉಂಟು, ಹೆದರುವಂಥದ್ದಲ್ಲ. ಮೊದಲು ರಕ್ತ ಕೊಡುವ, ಸ್ರಾವ ನಿಲ್ಲಲು ಮಾತ್ರೆ. ಕಷಾಯ ಎಲ್ಲ ಆಮೇಲೆ, ನನಗೆ ಹೇಳಿಯೇ. ಅಲ್ಲ ವೈದ್ಯರೇ, ಇಷ್ಟು ದಿನ ಕಾದದ್ದು ಎಂತಕ್ಕೆ?"

ಅವನು ರಕ್ತ ತರಲು ಚೀಟಿ ಹಿಡಿದು ಓಡಿದ.

ಮೂರನೇ ದಿನ ಸ್ರಾವ ಹಿಡಿತಕ್ಕೆ ಬಂತು. ಅವಳ ಕೈ ಅವನ ಕೈಯಲ್ಲಿತ್ತು.

"ಅಮ್ಮನ ಮಡಿಗೆ ಹೆದರಿ ಕಿಟಕಿಯಲ್ಲೇ ನಿಂತೆ. ನಿನ್ನನ್ನೇ ಕಳಕೊಳ್ಳುತ್ತಿದ್ದೆ... ನೀನಿಲ್ಲದೆ ನನಗಾಗುವುದಿಲ್ಲ. ಇನ್ನು ಆ ಕೋಣೆಗೆ ಬೀಗ."

ಅವಳ ಕಣ್ಣು ತುಂಬಿತು. "ಒಂಬತ್ತು ಸಂಜೆ ಬಂದವರು ಒಂದು ಮಾತಾಡಬಹುದಿತ್ತು."

ಅವನ ಮುಖ ಬಿಳಿಚಿತು. "ಒಂಬತ್ತಾ? ನೀನು ಹೊರಗಾದ ದಿನವೇ ನಿನಗೆ ಹೇಳದೆ ಕಣ್ಣೂರಿಗೆ ಹೋದವನು ನಾನು, ತಿರುಗಿ ಬಂದದ್ದೇ ನಾಲ್ಕನೇ ದಿನ."

"ಮತ್ತೆ ಮೊದಲ ಮೂರು...? ಅತ್ತೆಯಾ?"

"ಅಮ್ಮ ಆ ಕಿಟಕಿಯ ಹತ್ತಿರವೂ ಹೋಗುವುದಿಲ್ಲ. ಊಟವನ್ನೂ ಅಂಗಳದಲ್ಲೇ ಇಟ್ಟು ಬರುವುದು."

ಬಳೆಯ ಆ ಸದ್ದು ಮತ್ತೆ ಅವಳ ಕಿವಿಯಲ್ಲಿ ಕೇಳಿದಂತಾಯಿತು.

"ಹೆದರಿಕೆ ಆಗ್ತದಾ?" ಎಂದು ಅವನು ಮೆಲ್ಲನೆ ಕೇಳಿದ.

"ಇಲ್ಲ... ಪಾಪ, ಭಾಮತ್ತೆಗೆ ಆಗ ಯಾರೂ ಒಂದು ಲೋಟ ಕಷಾಯ ತಂದುಕೊಟ್ಟಿರಲಿಲ್ಲ ಅಲ್ವಾ? ಅದಕ್ಕೇ ನನಗೆ ತಂದದ್ದು."

ಅವನು ಅವಳ ಹಣೆಗೆ ತುಟಿಯೊತ್ತಿದ. "ಬೀಗ ಬೇಡ. ಮನೆಗೆ ಹೋದ ಮೇಲೆ ಆ ಕಿಟಕಿಯಲ್ಲಿ ಅವರಿಗೊಂದು ಲೋಟ ಹಾಲು ಇಡುವ."

"ಇಬ್ಬರೂ ಒಟ್ಟಿಗೆ" ಎಂದಳು ಸೌದಾಮಿನಿ.