ಮೂರನೇ ತಿರುವಿನ ಹನ್ನೊಂದು ಚಿತ್ರಗಳು

"ಕ್ಲಿಕ್ ಆದ ತಕ್ಷಣ ಕ್ಯಾಮೆರಾ ನಿಲ್ಲಿಸಿಬಿಡ್ತೀರಲ್ಲ, ಅದೇ ತಪ್ಪು. ಬೈಕ್ ಕಣ್ಮರೆ ಆಗೋವರೆಗೂ ಅದರ ಜೊತೆಗೇ ತಿರುಗಬೇಕು."

ಮೊದಲ ದಿನವೇ ರೇಸ್ ಫೋಟೋಗ್ರಾಫರ್ ಹೀಗೆ ಗದರಿದ. ಅವಳು ಕ್ಯಾಮೆರಾ ಕೆಳಗಿಳಿಸಿದಳು. ರೇಸ್ ಟ್ರ್ಯಾಕಿನ ಮೂರನೇ ತಿರುವಿನಾಚೆಯ ಆ ಹತ್ತಡಿ ರಸ್ತೆಯನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಎರಡು ವರ್ಷದ ಹಿಂದೆ ಅಣ್ಣ ರೇಸ್ ಬೈಕಿನಿಂದ ಬಿದ್ದು ಪ್ರಾಣ ಬಿಟ್ಟದ್ದು ಅಲ್ಲೇ.

ನಿಜ ಹೇಳಬೇಕೆಂದರೆ ಅವಳು ಬಂದದ್ದು ಕಲಿಯುವುದಕ್ಕಲ್ಲ. ಅಂದು ಬೇಲಿಯ ಪಕ್ಕ ನಿಂತಿದ್ದವನು ಇವನೇ. ಹುಡುಗ ಬಿದ್ದ ಮೇಲೂ ಇವನ ಕ್ಯಾಮೆರಾ ಟಕಟಕ ಅನ್ನುತ್ತಲೇ ಇತ್ತು ಎಂದು ಬಾವುಟ ಬೀಸುವವನು ಅಮ್ಮನಿಗೆ ಹೇಳಿದ್ದ. ಆ ಚಿತ್ರಗಳು ಎಂದಾದರೂ ಯಾರದೋ ಮೊಬೈಲಿನಲ್ಲಿ ಕಂಡುಬಿಟ್ಟರೆ... ಅಂದಿನಿಂದ ಅಮ್ಮನಿಗೆ ಅದೊಂದೇ ಭಯ. ಅವನ್ನು ಹುಡುಕಿ ಅಳಿಸಬೇಕೆಂದೇ, ತಾನು ಯಾರ ತಂಗಿ ಎಂದು ಹೇಳದೆ, ಅವಳು ಅವನ ಶಿಷ್ಯೆಯಾದಳು.

ಆದರೆ ಈ ಹಾಳು ಮನಸ್ಸು ಹೇಳಿದ ಮಾತು ಕೇಳಬೇಕಲ್ಲ! ಬಿಸಿಲೇರಿದಾಗ ಅವನು ತನ್ನ ಟೋಪಿ ತೆಗೆದು ಅವಳ ಕೈಗಿಡುತ್ತಿದ್ದ. ಅವಳ ಮಸುಕು ಚಿತ್ರಗಳಲ್ಲೂ ಒಂದು ಚಕ್ರವನ್ನೋ ಮೊಣಕಾಲನ್ನೋ ಹುಡುಕಿ ಮೆಚ್ಚುತ್ತಿದ್ದ. ದ್ವೇಷಿಸಲು ಬಂದವಳು ಅವನ ದಾರಿ ಕಾಯತೊಡಗಿದಳು.

ಛೆ, ಅಣ್ಣನಿಗೆ ಏನಂತ ಹೇಳಲಿ...

ಒಂದು ಮಧ್ಯಾಹ್ನ ಅವನು ಹೊರಗೆ ಹೋಗಿದ್ದಾಗ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅಣ್ಣ ಬಿದ್ದ ದಿನದ ತಾರೀಖಿನ ಫೋಲ್ಡರ್ ಸಿಕ್ಕಿತು. ಎದೆ ಗಟ್ಟಿ ಮಾಡಿಕೊಂಡು ತೆರೆದಳು.

ಹನ್ನೊಂದು ಚಿತ್ರಗಳು. ಹುಲ್ಲು. ಬೇಲಿಯ ತಂತಿ. ಆಕಾಶದ ಒಂದು ಚೂರು. ಓಡುತ್ತಿರುವ ಅವನದೇ ಬೂಟು. ಮತ್ತೆ ಹುಲ್ಲು. ಕೊನೆಯದರಲ್ಲಿ ಕೈಗವಸು ತೊಟ್ಟ ಅಣ್ಣನ ಕೈ, ಅದನ್ನು ಹಿಡಿದುಕೊಂಡ, ಹಳೇ ವಾಚು ಕಟ್ಟಿದ ಅವನ ಎಡಗೈ.

"ಬೆರಳು ಗುಂಡಿ ಮೇಲೇ ಉಳಿದುಬಿಟ್ಟಿತ್ತು." ಅವನು ಯಾವಾಗ ಬಂದು ಹಿಂದೆ ನಿಂತಿದ್ದನೋ! "ಓಡಿದೆ. ಆದ್ರೂ ತಡ ಆಯ್ತು. ಅಳಿಸೋಕೆ ಮನಸ್ಸು ಬರಲಿಲ್ಲ."

"ನಾನು ಅವನ ತಂಗಿ."

"ಗೊತ್ತು. ಬೇರೆ ತಿರುವಲ್ಲೆಲ್ಲ ಬೈಕಿನ ಜೊತೆ ಸರಿಯಾಗೇ ತಿರುಗ್ತೀರಿ. ಅವನು ಬಿದ್ದ ಕಡೆ ಮಾತ್ರ ಕ್ಯಾಮೆರಾ ನಿಲ್ಲಿಸ್ತೀರಿ."

"ಅಣ್ಣ... ಏನಾದ್ರೂ ಅಂದ್ನಾ?"

"ಮಾತಾಡಲಿಲ್ಲ. ನನ್ನ ಕೈ ಮಾತ್ರ ಬಿಡಲಿಲ್ಲ."

ಎರಡು ವರ್ಷ ತಡೆಹಿಡಿದಿದ್ದ ಅಳುವೆಲ್ಲ ಒಮ್ಮೆಲೇ ಬಂತು. ಅವನು ನೀರಿನ ಬಾಟಲಿ ಅವಳ ಪಕ್ಕಕ್ಕಿಟ್ಟು, ಅಲ್ಲೇ ನೆಲದ ಮೇಲೆ ಕುಳಿತ.

ಮುಂದಿನ ಭಾನುವಾರ ಮೂರನೇ ತಿರುವಿನಲ್ಲಿ ಬೈಕುಗಳು ಬಂದವು. ಅವಳು ಕ್ಲಿಕ್ ಮಾಡಿದಳು. ನಿಲ್ಲಿಸಲಿಲ್ಲ. ಆ ಹತ್ತಡಿ ರಸ್ತೆಯನ್ನೂ ದಾಟಿ, ಬೈಕು ಮರೆಯಾಗುವವರೆಗೂ ತುಂಬಿದ ಕಣ್ಣಲ್ಲೇ ಅದರ ಜೊತೆ ತಿರುಗಿದಳು.

"ಕಲಿಸೋದು ಮುಗೀತು," ಎಂದ ಅವನು, ಮೆಲ್ಲಗೆ. "ಆದ್ರೆ ನೀವು ಬರದೇ ಹೋದ್ರೆ ನಂಗೆ ಇಲ್ಲಿ ನಿಲ್ಲೋಕಾಗಲ್ಲ."

"ನಂಗೂ..." ಎಂದು ಅವಳು ಆ ಹಳೇ ವಾಚಿನ ಕೈ ಹಿಡಿದುಕೊಂಡಳು. "ನಾಳೆ ಮನೆಗೆ ಬನ್ನಿ. ಅಣ್ಣ ಬಿಡದೇ ಇದ್ದ ಕೈನ ಅಮ್ಮ ಒಂದ್ಸಲ ನೋಡಲಿ."